ಚಾಳೀಸು

ಗಾಂಧಿಚೌಕದ ಹಿಂದಿನ ಓಣಿ, ದಾವಲಸಾಬರ ಚಾಳೀಸಿನಂಗಡಿ.
ಹಗಲು ನಾನಲ್ಲಿ ಗಾಜು ತೇಯುವವನು.
ಶಟರು ಅರ್ಧ ಇಳಿದ ಮೇಲೆ
ಅದೇ ಮೇಜು, ಅದೇ ಅರವತ್ತು ವಾಟಿನ ಬಲ್ಬು,
ಗಿರಾಕಿಗಳ ನಂಬರು ಬರೆಯುವ ಅದೇ ಉದ್ದನೆ ವಹಿ.
ಅದರ ಹಿಂಬದಿಯಿಂದ ಶುರುವಾಗುತ್ತದೆ
ಏಳುನೂರು ವರ್ಷ ಹಿಂದಿನ ವೆನಿಸ್ಸು.

ಅವನ ಹೆಸರು ದೊನಾತೊ.
ನನ್ನ ಹಾಗೇ ಗಾಜು ತೇಯುವವನು, ಅಷ್ಟು ಸಾಕಿತ್ತು ಹೊರಡಲು.
ಉಗುರಿನ ಸಂದಿಯ ಬಿಳಿಪುಡಿ ನನಗೆ ಗೊತ್ತು,
ಜಡ್ಡುಗಟ್ಟಿದ ಹೆಬ್ಬೆರಳು ಗೊತ್ತು.
ಉಳಿದದ್ದೇನೂ ಗೊತ್ತಿಲ್ಲ.

"ನಮ್ಮೂರಾಗ ಕಥಿ ಕಡಿಮಿ ಅದಾವೇನೋ ತಮಾ?"
ಕಾಲೇಜಿನ ಗ್ರಂಥಪಾಲಕ ಚನಮಲ್ಲಪ್ಪ ಕೇಳಿದ.
ಕಡಿಮೆಯಿಲ್ಲ. ಆದರೆ ಸುಲ್ತಾನರೆಲ್ಲ ಆಗಲೇ ಬರೆಸಿಕೊಂಡು ಹೋಗಿದ್ದಾರೆ.
ಗಾಜು ತೇಯುವವನನ್ನು ಹುಡುಕಿ ನಾನು
ಅಷ್ಟು ದೂರ ಹೋಗಬೇಕಾಯಿತು.

ಮೊದಲ ಅಧ್ಯಾಯದಲ್ಲಿ ಅವನಿಗೆ ಟೊಮೆಟೊ ಸಾರು ಬಡಿಸಿದ್ದೆ.
"ಹೊಡದು ಹಾಕು. ಟೊಮೆಟೊ ಆಗಿನ್ನೂ
ಯಾರೂ ಕಾಣದ ಸಮುದ್ರದಾಚೆ ಇತ್ತು.
ಮೆಣಸಿನಕಾಯಿನೂ ಅಲ್ಲೇ. ಶೇಂಗಾನೂ."
ಅಂದರೆ ನಮ್ಮ ಕಡೆಗೂ?
"ನಮ್ಮ ಕಡೀಗೂ."

ಆ ರಾತ್ರಿ ಬುತ್ತಿ ಬಿಚ್ಚಿ
ಕೆಂಪುಖಾರ ತೆಗೆದಿಟ್ಟೆ, ಶೇಂಗಾಹಿಂಡಿ ತೆಗೆದಿಟ್ಟೆ,
ಎಣ್ಣೆಗಾಯಿಯ ಹೊಟ್ಟೆ ಕೆದರಿ ಅಲ್ಲಿಂದಲೂ ಎರಡನ್ನೂ ಹೊರಗೆ ಹಾಕಿದೆ.
ಉಳಿದದ್ದು ರೊಟ್ಟಿ, ಉಳ್ಳಾಗಡ್ಡಿ, ಉಪ್ಪು, ಬೋಳು ಬದನೆ.
ತಿಂದೆ.
ಕಾಲ ಹಿಂದಕ್ಕೆ ಸರಿದದ್ದು
ಮೊದಲು ನಾಲಿಗೆಗೆ ತಿಳಿಯುತ್ತದೆ.

ಕಡಲು ಕಂಡವನಲ್ಲ ನಾನು.
ಹತ್ತಿ ಸುತ್ತಿದ ಇನ್ನೂರು ಜೋಡಿ ಗಾಜು ಪೆಟ್ಟಿಗೆಯಲ್ಲಿಟ್ಟುಕೊಂಡು
ಮೂರು ತಿಂಗಳು ಅವನ ಹಡಗು ಬಂದರಲ್ಲೇ ನಿಂತಿತು.
ಬೇಗಂ ತಲಾಬಿನ ದಂಡೆಗೆ ಹೋಗಿ ಕೂತೆ:
ಅಲ್ಲಿ ಅಲೆಯೆಂದರೆ ಎಮ್ಮೆ ಎದ್ದಾಗ ಏಳುವುದು.
ಕೊನೆಗೆ ಸಾರವಾಡದ ಬಸ್ಸು ಹತ್ತಿ ಡೋಣಿಗೆ ಹೋದೆ.
ಹೆಸರಿಗೇನೋ ದೋಣಿಯ ತಂಗಿ,
ಒಂದು ದೋಣಿಯೂ ತೇಲದ ಹೊಳೆ.
ಬೊಗಸೆಯಲ್ಲಿ ಮೊಗೆದು ನಾಲಿಗೆಗಿಟ್ಟೆ.
ಉಪ್ಪು!
ದನ ಕಾಯುವ ಹುಡುಗ ನಕ್ಕ, ನಗಲಿ.
ಆ ಒಂದು ಬೊಗಸೆಯನ್ನು ಹಿಗ್ಗಿಸಿ ಹಿಗ್ಗಿಸಿ
ಮೂವತ್ತು ಪುಟ ಮಾಡಿದೆ.
ಹಡಗು ಹೊರಟಿತು.

ಹೋರ್ಮುಜ್ ದಾಟಿ, ಯಾವುದೋ ರೇವಿನಲ್ಲಿಳಿದು, ಘಟ್ಟ ಹತ್ತಿ,
ಜ್ವರ ಬಿದ್ದು ಎದ್ದು
ದೊನಾತೊ ನಮ್ಮೂರ ಸಮೀಪ ಬಂದ.
ಅವನ ಎದುರಿಗೆ ಏನಿಡಲಿ?
ಗೋಳಗುಮ್ಮಟ ಆಗ ಯಾರ ಕನಸಲ್ಲೂ ಇರಲಿಲ್ಲ.
ಗಾಜಿನ ಮೇಲಿನ ಬೆರಳಗುರುತಿನ ಹಾಗೆ
ಆಕಾಶದಿಂದ ಅದನ್ನು ಒರೆಸಿದೆ.
ಬಾರಾ ಕಮಾನು, ತಾಜಬಾವಡಿ, ಕೋಟೆಗೋಡೆ,
ದಾವಲಸಾಬರ ಅಂಗಡಿ, ಬಲ್ಬು, ಈ ಮೇಜು...
ಒರೆಸುತ್ತ ಹೋದರೆ ಉಳಿದದ್ದು ಎರಿ ನೆಲ, ಗಾಳಿ,
ಎದೆಮಟ್ಟದ ಬಿಳಿಜೋಳ,
ಅದರೊಳಗೆ ಬಗ್ಗಿ ನಿಂತ ಯಾರೋ ಹೆಂಗಸು.

ಅವನು ಆಕೆಗೆ ಒಂದು ಜೋಡಿ ಕೊಡುತ್ತಾನೆ.
ಆಕೆ ಮೂಗಿಗೆ ಹಿಡಿದು ತನ್ನ ಕೈ ನೋಡಿಕೊಳ್ಳುತ್ತಾಳೆ.
ಏನೆನ್ನುತ್ತಾಳೆ?
ನಲವತ್ತಕ್ಕೆ ಬರುವುದೆಂದು ನಾವು ಚಾಳೀಸು ಎನ್ನುತ್ತೇವೆ.
ಆಕೆಯ ಬಾಯಲ್ಲಿ ಆ ಮಾತು ಕೂರದು.
ಕನ್ನಡಕ? ಅದೂ ಇರಲಿಕ್ಕಿಲ್ಲ.
ವಸ್ತು ಬಂದಿದೆ, ಹೆಸರು ಇನ್ನೂ ಎಲ್ಲೋ ದಾರಿಯಲ್ಲಿದೆ.
ಹದಿನೆಂಟು ದಿನ ಪೆನ್ನು ಅಲ್ಲೇ ನಿಂತಿತು.

ನಿನ್ನೆ ಕೌದಿ ಹೊಲಿಯುವ ಗುರುಸಿದ್ದವ್ವ ಬಂದಳು.
ನಂಬರು ಎರಡೂವರೆ.
ಹೊಸದನ್ನು ಏರಿಸಿ, ಸೆರಗಿನಿಂದ ಸೂಜಿ ತೆಗೆದು
ಒಂದೇ ಸಲಕ್ಕೆ ದಾರ ಪೋಣಿಸಿದಳು.
ಎಳೆದು ತೆಗೆದು ಮತ್ತೆ ಪೋಣಿಸಿದಳು.
"ಕಣ್ಣಾಗ ಎರಡು ಹನಿ ನಿಂತಾವ ನೋಡ್ರಿ,
ಅಳಲಾರದ ನಿಂತಾವ."

ಮುನ್ನೂರೈವತ್ತರಲ್ಲಿ ಐವತ್ತು ಬಿಟ್ಟೆ.
ಯಾಕೆಂದು ದಾವಲಸಾಬರು ಕೇಳಿದರು.
ಲೆಕ್ಕದ ಕಡೆ ಏನೆಂದು ಬರೆಯಲಿ?
ವಹಿ ತಿರುಗಿಸಿ
ಹಿಂಬದಿಯಲ್ಲಿ ಬರೆದೆ.