ಕುದುರೆಯ ಕಡ್ಡಿ

ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಷ್ಟು ವರ್ಷ
ಒಂದು ಬಂದೂಕು ಮಲಗಿತ್ತು, ಬಿಡಿಬಿಡಿಯಾಗಿ.
ನಳಿಗೆ ಮಾತ್ರ ಡಬ್ಬಿಗೆ ಹಿಡಿಸದೆ
ಅಟ್ಟದ ಮೇಲೆ, ಮುರಿದ ಛತ್ರಿಗಳ ಜೊತೆ.

ಗುತ್ತಲು ರಸ್ತೆಯ ಮನೆ, ಭಾನುವಾರ ಮಧ್ಯಾಹ್ನ.
ಕಾರ್ಖಾನೆ ಕಬ್ಬು ಅರೆಯುತ್ತಿದೆ: ಗಾಳಿಯಲ್ಲಿ ಕಾಕಂಬಿಯ ಹುಳಿ,
ಒಣಹಾಕಿದ ಪಂಚೆಯ ಮೇಲೆ ಕರಿ ಬೂದಿ.
ನೆಲಕ್ಕೆ ಪೇಪರು ಹಾಸಿ ಕೂತಿದ್ದೇನೆ,
ಟೈಮಾಫೀಸಿನ ಗುಮಾಸ್ತ, ಫಿಟ್ಟರ್ ಮುದ್ದಾಚಾರಿಯ ಮಗ.
ಅಪ್ಪನ ಕಣ್ಣು ಬಂದಿದೆ ನನಗೆ, ಕೈ ಬಂದಿಲ್ಲ.

ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದೆ.
ತುಕ್ಕು ರಾಗಿ ಗಂಜಿಯಾಗಿ ಇಳಿದ ಮೇಲೆ ಅಕ್ಷರ ಎದ್ದವು,
ಯಾವುದೋ ದೂರದೂರಿನ ಹೆಸರು, ಅರ್ಧ ಸವೆದದ್ದು.
'ಮೈಸೂರಲ್ಲಿ ಹರಾಜಿಗೆ ಹಿಡಿದೆ' ಅನ್ನುತ್ತಿದ್ದ ಅಪ್ಪ,
'ಹನ್ನೆರಡು ರೂಪಾಯಿ. ಜೊತೆಗೊಂದು ಮುರುಕು ಗ್ರಾಮಫೋನು
ಕೊಡಕ್ಕೆ ಬಂದ, ಬ್ಯಾಡಾಂದೆ.'

ಸ್ಪ್ರಿಂಗು ಸುಮ್ಮನೆ ಕೂರುವ ಜಾತಿಯಲ್ಲ.
ಎರಡು ಸಲ ಒತ್ತಿದೆ, ಎರಡು ಸಲವೂ ಹಾರಿತು.
ಒಮ್ಮೆ ಕ್ಯಾಲೆಂಡರಿನ ಏಕಾದಶಿಗೆ ಬಡಿಯಿತು;
ಇನ್ನೊಮ್ಮೆ ಎಲ್ಲೋ. ಹುಡುಕಿದರೆ ಅಕ್ಕಿ ಡಬರಿಯ ಹಿಂದೆ
ಇನ್ನೂ ನಡುಗುತ್ತಿತ್ತು.

ಚರ್ಮದ ವಾಷರು ಮುಟ್ಟಿದ್ದೇ ಹಪ್ಪಳವಾಯಿತು.
ನನ್ನ ಹಳೇ ಚಪ್ಪಲಿಯ ಅಟ್ಟೆಯಿಂದ ಒಂದು ಕತ್ತರಿಸಿ
ನಿನ್ನೆ ರಾತ್ರಿಯೇ ಹರಳೆಣ್ಣೆಯಲ್ಲಿ ನೆನೆಹಾಕಿದ್ದೆ;
ಗೋಲಿಯ ಮೇಲೆ ಒತ್ತಿ ಬಟ್ಟಲು ಮಾಡಿದೆ.
ಪಿಸ್ಟನ್ ಕೂತಿತು. ಹಿಂದಿನ ಮುಚ್ಚಳ ತಿರುಗಿತು.
ಕುದುರೆ ಮಾತ್ರ ನಿಲ್ಲದು. ಬೆರಳಿಟ್ಟರೆ ತೂಗುತ್ತದೆ
ಬೀಳಲಿರುವ ಹಾಲುಹಲ್ಲಿನ ಹಾಗೆ.
ಅದನ್ನು ಹಿಡಿಯಬೇಕಾದ ಕಡ್ಡಿ ಡಬ್ಬಿಯಲ್ಲಿಲ್ಲ.

ಆಗ ಮೂರನೇ ಕ್ಲಾಸು. ನಾಲೆ ಏರಿ, ಕರೆಂಟಿನ ತಂತಿ,
ತಂತಿಯ ಮೇಲೆ ಮಿಂಚುಳ್ಳಿ.
ನಳಿಗೆ ಮಡಿಸುವ ಬಲ ನನಗಿರಲಿಲ್ಲ,
ಮಡಿಸಿ ಕೈಗೆ ಕೊಟ್ಟವಳು ಜಲಜಕ್ಕ, ತೂತು ಚೊಂಬಿಗೆ ಹೊಡಿ ಅಂತ.
ಚೊಂಬು ಅಲ್ಲೇ ಇತ್ತು, ಕಲ್ಲಿನ ಮೇಲೆ.

ಹೊಡೆದವನು ನಾನು. ಬಿಚ್ಚಿದವಳು ಅಕ್ಕ.
ಅದೇ ರಾತ್ರಿ, ಲಾಂದ್ರದ ಬೆಳಕಲ್ಲಿ, ಅಪ್ಪನದೇ ಸ್ಪ್ಯಾನರಿನಿಂದ.
ರಾತ್ರಿಪಾಳಿ ಮುಗಿಸಿ ಬಂದ ಅಪ್ಪ
ಚಾಪೆಯ ಮೇಲಿನ ಸಾಲು ನೋಡುತ್ತ ನಿಂತ.
ಬೈಗುಳಕ್ಕೆ ಕಾದೆವು ಇಬ್ಬರೂ.
'ಬಿಚ್ಚಿದ ಕ್ರಮದಲ್ಲೇ ಇಟ್ಟವಳೆ' ಎಂದ ಅವ್ವನಿಗೆ,
ಮುಖ ತೊಳೆಯಲು ಹೋದ.

ಸೈಕಲ್ಲಿನ ಕಡ್ಡಿ ತುಂಡರಿಸಿ ಅರದಲ್ಲಿ ತೀಡಿದೆ.
ಹೆಚ್ಚುಕಮ್ಮಿ ಹಿಡಿಸಿತು. ಮಡಿಸಿದೆ, ಟಕ್ಕೆಂದು ಕಚ್ಚಿತು.
ಡಬ್ಬಿಯ ತಳದಲ್ಲಿ ಉಳಿದಿದ್ದದ್ದು ಒಂದೇ ಚರೆ.
ಹಿತ್ತಲ ಗೋಣಿಚೀಲಕ್ಕೆ ಗುರಿಯಿಟ್ಟು ಒತ್ತಿದೆ.
ಯಾರೋ ಮುದುಕ ನಿಟ್ಟುಸಿರುಬಿಟ್ಟಂತಾಯಿತು;
ಚರೆ ಮೆಲ್ಲಗೆ ಹೊರಬಂದು
ನನ್ನ ಕಾಲಬುಡದಲ್ಲೇ ಬಿತ್ತು.

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.
ಬಾಗಿಲಲ್ಲಿ ಅಕ್ಕ, ಕೊರಳಿಗೆ ಟೇಪು, ತುಟಿಯಲ್ಲಿ ಗುಂಡುಸೂಜಿ.
ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.
'ವಾಷರು ತಿರುಗುಮುರುಗು ಹಾಕಿದೀಯ ಕಣ್ಲಾ.
ಬಟ್ಟಲ ಬಾಯಿ ಗಾಳಿ ಕಡೀಕಿರಬೇಕು.
ಜನ್ಮದಲ್ಲಿ ಒಂದು ಸೈಕಲ್ ಪಂಪು ಬಿಚ್ಚಿಲ್ವಾ?'
ಇಲ್ಲ ಎಂದೆ.
'ಬಿಚ್ಚು.'

ಸ್ಪ್ರಿಂಗು ಅವಳ ಅಂಗೈಯಡಿ ಉಸಿರೆತ್ತಲಿಲ್ಲ.
ಒಂದೊಂದೇ ತುಂಡು ಕೇಳಿದಳು, ಒಂದೊಂದೇ ಕೊಟ್ಟೆ.
ಕುದುರೆಯ ಸರದಿ ಬಂದಾಗ ನನ್ನ ಸೈಕಲ್ ಕಡ್ಡಿಯನ್ನು
ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು.
ಎದ್ದು ಹೋದಳು. ಮೆಷಿನ್ನಿನ ಡ್ರಾಯರು ಎಳೆದ ಸದ್ದು,
ಬಾಬಿನ್ನು, ಗುಂಡಿ, ಸೀಮೆಸುಣ್ಣ ಸರಿದಾಡಿದ ಸದ್ದು.

ತಂದ ಕಡ್ಡಿ ಬೆರಳುದ್ದವೂ ಇರಲಿಲ್ಲ. ಒಂದು ಚುಕ್ಕಿ ತುಕ್ಕಿಲ್ಲ.
ನಲವತ್ಮೂರು ವರ್ಷ
ಮೆಷಿನ್ನಿಗೆ ಎಣ್ಣೆ ಬಿಟ್ಟಾಗೆಲ್ಲ ಇದಕ್ಕೂ ಬಿಟ್ಟಿರಬೇಕು.

ಕೇಳಬೇಕೆಂದು ಬಾಯಿ ತೆರೆದೆ.
'ಸುತ್ತಿಗೆ' ಎಂದಳು, ಕೈ ಚಾಚಿ. 'ಸಣ್ಣದು.'