ಹದಿನಾರನೆಯ ಸುತ್ತು

ನನಗೆ ಕೊಟ್ಟದ್ದು ಒಂದು ಮೈಕು, ಒಂದು ಹಾಳೆ,
ಅರ್ಧ ಬಾಟಲಿ ಜೀರಿಗೆ ನೀರು.
ಹಾಳೆಯಲ್ಲಿ ಕುಞಂಬು ಮಾಸ್ತರರ ಕೆಂಪು ಶಾಯಿ:
ಐದು ನಿಮಿಷಕ್ಕೊಮ್ಮೆ ಚಿನ್ನದಂಗಡಿ,
ಹತ್ತಕ್ಕೊಮ್ಮೆ ಟೈಲ್ಸು,
ಊಟದ ಹೊತ್ತಿಗೆ ಕುಚ್ಚಲಕ್ಕಿ,
ಮಕ್ಕಳ ಹೆಸರು, ಸಮಯ ಸಿಕ್ಕಿದರೆ.

ಮುಳ್ಳೇರಿಯದಲ್ಲಿ ಸಂಧಿ ಸಮಾಸ ಕಲಿಸುವವನು ನಾನು.
ವರ್ಷಕ್ಕೆ ಮೂರು ದಿನ
ಉಪಜಿಲ್ಲೆ ನನ್ನ ಗಂಟಲನ್ನು ಬಾಡಿಗೆಗೆ ಹಿಡಿಯುತ್ತದೆ.
ಕನ್ನಡದಲ್ಲಿ ಹೊನ್ನು, ಮಲಯಾಳದಲ್ಲಿ ಪೊನ್ನು.
ಪಕಾರ ಹಕಾರವಾದ ಕತೆ ಒಂಬತ್ತನೆಯವರಿಗೆ ಹೇಳಿದ್ದೇನೆ;
ಗ್ರಾಮಿನ ಬೆಲೆ ಮಾತ್ರ ಎರಡರಲ್ಲೂ ಅದೇ.

ಹಿಂದೆ ಇಲ್ಲಿಗೆ ಬರುತ್ತಿದ್ದವರು
ಓಡುವವರು, ಓಡಿಸುವವರು, ಐಸ್‌ಕ್ಯಾಂಡಿಯ ಅಂದುಂಞಿ.
ಗೆದ್ದವರಿಗೆ ಸ್ಟೀಲ್ ಲೋಟ, ಸೋತವರಿಗೆ ಅರ್ಧ ಮೂಸಂಬಿ.
ಈಗ ಮುರಕಲ್ಲಿನ ಗೋಡೆಯುದ್ದಕ್ಕೂ ಕಾಲುಗಳು ಇಳಿಬಿದ್ದಿವೆ,
ಚಾನೆಲಿನ ವ್ಯಾನು ಜಾವೆಲಿನ್ ಬೀಳುವಲ್ಲೇ ನಿಂತಿದೆ,
ನೆತ್ತಿಯ ಮೇಲೆ ಡ್ರೋನು, ಹೆಜ್ಜೇನಿನ ಸದ್ದು.
ಎಲ್ಲಿಂದಲೋ ಬಂದ ಅಕಾಡೆಮಿಯವರು
ಹುಡುಗರ ಮೀನಖಂಡ ನೋಡಿ
ಅಪ್ಪಂದಿರ ಕೈಗೆ ಕಾರ್ಡು ಕೊಡುತ್ತಾರೆ.

ಸುಳ್ಳು ಯಾಕೆ, ನನಗೂ ಖುಷಿಯೇ.
ಸುಣ್ಣದ ಗೆರೆಗೆ ಈ ಸಲ ಯಾರ ಹತ್ತಿರವೂ ಸಾಲ ಕೇಳಲಿಲ್ಲ.
ಹೈಜಂಪಿಗೆ ಬೈಹುಲ್ಲಲ್ಲ, ನಿಜವಾದ ಹಾಸಿಗೆ.
ಅದರ ಮೇಲೂ ಟೈಲ್ಸಿನ ಹೆಸರು;
ಮಕ್ಕಳು ಬೆನ್ನು ಕೊಟ್ಟು ಬೀಳುತ್ತಿದ್ದರು
ಅಕ್ಷರಗಳ ನಟ್ಟನಡುವೆ.

ಎರಡನೆಯ ದಿನ, ಮೂರು ಗಂಟೆಯ ಬಿಸಿಲು.
ಜೂನಿಯರ್ ಹುಡುಗಿಯರ ಮೂರು ಸಾವಿರ ಮೀಟರ್.
ನಮ್ಮದು ಇನ್ನೂರರ ಮೈದಾನ, ಹದಿನೈದು ಸುತ್ತು.
ಎಂಟನೆಯದರಲ್ಲೇ ಒಬ್ಬಳು ಒಬ್ಬಳೇ ಆಗಿಬಿಟ್ಟಳು.
ಎದೆಯ ಮೇಲೆ ಅಂಗೈಯಗಲ ಚಿನ್ನದಂಗಡಿ,
ಅದರಡಿಯಲ್ಲಿ ಇರುವೆಸಾಲಿನಂತೆ ಇನ್ನೂರ ಹದಿನೇಳು.
ಗೋಡೆ ಮೇಲಿನವರು ಓಡು, ಓಡು ಎಂದರು.
ಆ ಒಂದು ಮಾತಿಗೆ ಅನುವಾದ ಬೇಕಿರಲಿಲ್ಲ.

ಕೊನೆಯ ಸುತ್ತಿನ ಗಂಟೆ ಜಾನಕಿ ಟೀಚರದು,
ಶಾಲೆಯ ಹಳೆಯ ಕಂಚಿನದು.
ಹೊಡೆದರು.
ಆಗಲೇ ನನ್ನ ಐದು ನಿಮಿಷವೂ ತುಂಬಿತು.
ಮಜೂರಿ ಇಲ್ಲ, ಸವಕಳಿ ಇಲ್ಲ,
ಹಳೆಯದು ಕೊಡಿ, ಹೊಸದು ಒಯ್ಯಿರಿ:
ಕನ್ನಡದಲ್ಲೊಮ್ಮೆ.
ಮಲಯಾಳದಲ್ಲೊಮ್ಮೆ.
ತಲೆಯೆತ್ತಿದರೆ ಅವಳು ಗೆರೆ ದಾಟಿ
ಹದಿನಾರನೆಯದನ್ನು ಓಡುತ್ತಿದ್ದಾಳೆ.
ಹಿಂದೆ ಪೀಪಿ ಊದುತ್ತ ಪಿ.ಟಿ. ಮಾಸ್ತರು,
ಅವರ ಹಿಂದೆ ಒಂದು ನಾಯಿ,
ಮೇಲೆ ಡ್ರೋನು, ಸುತ್ತ ನಗು.
ಮೈಕು ಕೈಯಲ್ಲೇ ಇತ್ತು.
ನಿಲ್ಲು ಎನ್ನಲು ಹೆಸರಿಗಾಗಿ ಹಾಳೆ ತಿರುವಿದೆ.
ಹಾಳೆಯಲ್ಲಿ ಹೆಸರಿರಲಿಲ್ಲ.

ಮಿಸ್ರಿಯಾ. ಬೋವಿಕ್ಕಾನ.
ಮೀನಿನ ಆಟೋದ ಹಂಸನ ಮಗಳು.
ಮೊಣಕಾಲು ಹಿಡಿದು ಬಗ್ಗಿದವಳು
ಸಿಟ್ಟಿಲ್ಲದೆ ಕೇಳಿದಳು,
ಮಾಷ್ಟ್ರೆ, ಆ ಒಂದು ಸುತ್ತು ಯಾವ ಲೆಕ್ಕಕ್ಕೆ?
ಲೋಪವೋ ಆಗಮವೋ
ಈ ಕನ್ನಡ ಪಂಡಿತನಿಗೆ ಹೇಳಲಾಗಲಿಲ್ಲ.

ಬಹುಮಾನಕ್ಕೆ ಪ್ರಶಸ್ತಿಪತ್ರ, ಜೊತೆಗೊಂದು ಕೂಪನ್ನು:
ಎಂಟು ಗ್ರಾಮಿನ ಮೇಲೆ ಕೊಂಡರೆ ಐನೂರು ರಿಯಾಯಿತಿ.
ಹಂಸ ಅದನ್ನು ನಾಲ್ಕು ಮಡಿಕೆ ಮಾಡಿ
ಅಲುಗಾಡುವ ತೂಕದ ಯಂತ್ರದ ಕಾಲಿನಡಿಗೆ ಇಟ್ಟ.
ಮರುದಿನದಿಂದ ಬಂಗುಡೆ ಸರಿಯಾಗಿ ತೂಗುತ್ತಿದೆ.

ಆ ಓಟವನ್ನು ರಾತ್ರಿಯೊಳಗೆ ನಾಲ್ಕು ಲಕ್ಷ ಜನ ನೋಡಿದರು,
ನಾಯಿ ಸಮೇತ, ನನ್ನ ದನಿ ಸಮೇತ.
ಅಂಗಡಿಯ ಶಿಹಾಬ್ ನಿನ್ನೆ ಫೋನು ಮಾಡಿದ್ದ.
ಈ ಸಲ ಇಡೀ ಕೂಟ ನಮ್ಮದೇ, ಗೇಟಿನಿಂದ ಗಂಜಿಯವರೆಗೆ.
ಮತ್ತೆ ಸ್ವಲ್ಪ ತಗ್ಗಿದ ಸ್ವರದಲ್ಲಿ,
ಮಾಷ್ಟ್ರೆ, ಯಾರಾದರೂ ಒಂದು ಸುತ್ತು ಹೆಚ್ಚು ಓಡುವ ಹಾಗೆ...
ಚಿಕ್ಕದೊಂದು, ಕೊನೆಗೆ?

ನೋಡುವಾ ಎಂದೆ. ನೋಡುವಾ ಎಂದೆನಲ್ಲ ನಾನು!

ಮಿಸ್ರಿಯಾ ಈ ವರ್ಷ ಸೀನಿಯರ್.
ಗಂಟೆಯನ್ನೂ ಮೈಕನ್ನೂ ನಂಬುವುದಿಲ್ಲವಂತೆ,
ಸುತ್ತಿಗೊಂದು ಬೆರಳು ಮಡಚುತ್ತಾಳೆ.
ನೋಡುವವರು ಅಂದುಕೊಳ್ಳುತ್ತಾರೆ
ಹುಡುಗಿ ಮುಷ್ಟಿ ಬಿಗಿದು ಓಡುತ್ತಾಳೆಂದು.