ಬಾಕಿ

ಕೌಲ್ ಬಜಾರಿನ ಹಿಂದೆ, ತಗಡಿನ ಥಿಯೇಟರಿನಲ್ಲಿ
ಅರಮನೆ ಬರೆದೆ ಮೂರು ತಿಂಗಳು.
ಹುಣಸೆಬೀಜದ ಅಂಟು ಕುದಿಸಿ ಕುದಿಸಿ
ಒಂದು ಸಲ ಹಸಿವಿಗೆ ಅದನ್ನೇ ನೆಕ್ಕಿದ್ದೆ.

ಕಂಬಕ್ಕೆ ಚಿನ್ನ ಬೇಕೆಂದ ಮಾಲೀಕ ಗುಳಪ್ಪ.
ಕಿನ್ನಾಳದಲ್ಲಿ ಅಪ್ಪ ತವರ ಅರೆದು
ಗೊಂಬೆಗೆ ಬಂಗಾರ ಬರಿಸುತ್ತಿದ್ದ ವಿದ್ಯೆ
ಇಲ್ಲಿ ಅರಿವೆಯ ಮೇಲೆ ಮಾರಿದೆ.
ಅವನಿಗೆ ಕಾಗದ ಹಾಕಲಿಲ್ಲ.

ಮೊದಲ ರಾತ್ರಿ, ಪೆಟ್ರೋಮ್ಯಾಕ್ಸಿನ ಬೆಳಕಲ್ಲಿ
ನನ್ನ ಕಂಬಕ್ಕೆ ಒರಗಲು ಹೋಗಿ
ರಾಜಾಪಾರ್ಟಿನ ಸಿದ್ರಾಮಪ್ಪ ಉರುಳಿದ.
ಜನ ನಕ್ಕರು. ಒಳಗೆ ನಿಂತು ನಾನು ಅತ್ತೆ,
ಖುಷಿಗೆ.

ಕಂಪನಿ ಉಗಾದಿಯೊಳಗೆ ಮುಳುಗಿತು.
ಖಾನಾವಳಿಯ ಶಾಂತವ್ವ ಬಾಕಿಗೆಂದು
ಅರಮನೆಯನ್ನು ಮಡಚಿ ತಲೆಮೇಲೆ ಹೊತ್ತೊಯ್ದಳು.
ಈಗದು ಅವಳ ಅಂಗಳದ ನೆರಳು.

ಎಂಜಲೆಲೆ ತೆಗೆದು ಅದರಡಿ ಉಣ್ಣಲು ಕೂತರೆ
ಬಿಸಿಲಿಗೆ ಬಿರಿದ ಚಿನ್ನದ ಚಕ್ಕೆಯೊಂದು
ನುಚ್ಚಿನೊಳಗೆ ಬಿತ್ತು.
ತೆಗೆಯಲಿಲ್ಲ. ಕಲಸಿಕೊಂಡೆ.